ಅಂತರರಾಷ್ಟ್ರೀಯ ಕಾನೂನಿನ ಸಂಶೋಧಕನೂ ಗ್ರಂಥಭಂಡಾರದ ಬಾಗಿಲೂ

1621ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಹಾಲೆಂಡಿನ ಲೂವೆಸ್ಟೈನ್ ಎಂಬ ಕೋಟೆಯಿಂದ ಒಂದು ದೊಡ್ಡ ಪೆಟ್ಟಿಗೆ ಹೊರಬಂದಿತು. ಆ ಕೋಟೆಯಲ್ಲಿ ಆಜೀವ ಸೆರೆವಾಸವನ್ನು ಅನುಭವಿಸುತ್ತಿದ್ದ ಹ್ಯೂಗೋ ಗ್ರೋಷಿಯಸ್ ಎಂಬ ಪಂಡಿತನಿಗೆ ಪುಸ್ತಕಗಳನ್ನು ತರಿಸಿಕೊಂಡು ಓದಲು ಅಪ್ಪಣೆಯಿದ್ದಿತು. ಸಮೀಪದ ಪಟ್ಟಣದಿಂದ ಎರವಲು ಪಡೆದ ಗ್ರಂಥಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಓದಿ ಮುಗಿದ ಮೇಲೆ ಅದೇ ಪೆಟ್ಟಿಗೆಯಲ್ಲಿ ಹಿಂದಿರುಗುತ್ತಿದ್ದವು. ಮೊದಮೊದಲು ಮುಚ್ಚಳ ತೆರೆದು ನೋಡುತ್ತಿದ್ದ ಕಾವಲುಗಾರರು ಬರಬರುತ್ತ ಬೇಸತ್ತು ಅದನ್ನು ಬಿಟ್ಟರು. ಇದನ್ನು ಗಮನಿಸಿದ ಆತನ ಪತ್ನಿ ಮರಿಯಾ ಒಂದು ದಿನ ಪುಸ್ತಕಗಳ ಬದಲಿಗೆ ಪತಿಯನ್ನೇ ಪೆಟ್ಟಿಗೆಯೊಳಗೆ ಮಲಗಿಸಿ ಬೀಗ ಹಾಕಿಸಿದಳು. ಮನೆಯ ಸೇವಕಿಯೊಬ್ಬಳು ಜೊತೆಯಲ್ಲಿ ಹೋಗಿ ಪೆಟ್ಟಿಗೆಯನ್ನು ನದಿ ದಾಟಿಸಿದಳು. ಗ್ರೋಷಿಯಸನು ಪಾರಾಗಿ ಪ್ಯಾರಿಸ್ ನಗರವನ್ನು ಸೇರಿದನು.

ಪೆಟ್ಟಿಗೆಯ ಕಥೆ ಲೋಕಪ್ರಿಯವಾದುದು. ಅದರ ಮುಂದಿನ ಸಂಗತಿ ಅಷ್ಟಾಗಿ ಹೇಳಲ್ಪಡುವುದಿಲ್ಲ. ಪರದೇಶದಲ್ಲಿ ನಿರ್ಗತಿಕನಾಗಿ ನಿಂತ ಆ ವಿದ್ವಾಂಸನಿಗೆ ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿ ವರ್ಷಾಶನವನ್ನು ಗೊತ್ತುಮಾಡಿದನು. ಅದು ಸಕಾಲಕ್ಕೆ ಸಂದಾಯವಾಗುತ್ತಿರಲಿಲ್ಲವೆಂಬುದು ಬೇರೆಯ ಮಾತು. ದ ಮೆಸ್ಮ್ ಎಂಬ ಮನೆತನದವರು ತಮ್ಮ ಹಳ್ಳಿಯ ಬಂಗಲೆಯಲ್ಲಿ ಆತನಿಗೆ ಇರಲು ಎಡೆ ಕೊಟ್ಟರು. ದ ತೂ ಮನೆತನದ ಪ್ರಸಿದ್ಧ ಗ್ರಂಥಭಂಡಾರವು ಆತನಿಗೆ ತೆರೆಯಿತು. ಈ ಮೂರರ ಬಲದಿಂದ 1625ರಲ್ಲಿ ಯುದ್ಧ ಮತ್ತು ಶಾಂತಿಗಳ ಕಾನೂನನ್ನು ಕುರಿತ ಆತನ ಮಹಾಗ್ರಂಥ ಹೊರಬಂದಿತು. ಅಂತರರಾಷ್ಟ್ರೀಯ ಕಾನೂನು ಎಂಬ ಶಾಸ್ತ್ರಕ್ಕೆ ಬುನಾದಿ ಎಂದು ಮುಂದಿನ ತಲೆಮಾರುಗಳು ಗೌರವಿಸಿದ ಗ್ರಂಥವದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಒಂದು ಸಂಶೋಧನ ಶಿಷ್ಯವೇತನ, ಒಂದು ವಸತಿ, ಒಂದು ಗ್ರಂಥಾಲಯದ ಪ್ರವೇಶಪತ್ರ. ನಾಲ್ಕು ಶತಮಾನಗಳ ತರುವಾಯವೂ ಈ ಶಾಸ್ತ್ರದ ಸಂಶೋಧಕನಿಗೆ ಬೇಕಾದುದು ಇಷ್ಟೇ. ದುರ್ಲಭವಾಗಿರುವುದೂ ಇಷ್ಟೇ.

ಎಲ್ಲ ಶಾಸ್ತ್ರಗಳಿಗೂ ಗ್ರಂಥಗಳು ಬೇಕಲ್ಲವೇ, ಇದೊಂದಕ್ಕೇನು ವಿಶೇಷ ಎಂದು ಕೇಳಬಹುದು. ವಿಶೇಷವಿದೆ. ಒಂದು ದೇಶದ ಒಳಗಿನ ಕಾನೂನನ್ನು ಅಭ್ಯಾಸ ಮಾಡುವವನಿಗೆ ಶಾಸನಸಭೆಯ ಅಧಿನಿಯಮ ಇದೆ, ಉಚ್ಚ ನ್ಯಾಯಾಲಯದ ತೀರ್ಪು ಇದೆ. ಜಿಲ್ಲಾ ವಕೀಲರ ಸಂಘದ ಕಪಾಟಿನಲ್ಲಿ ಅವು ದೊರೆಯುತ್ತವೆ. ರಾಷ್ಟ್ರ ರಾಷ್ಟ್ರಗಳ ನಡುವಣ ಕಾನೂನಿಗೆ ಅಂಥ ಒಂದು ಶಾಸನಸಭೆಯಿಲ್ಲ. ಅದು ಕರಾರುಗಳಲ್ಲಿ ಅಡಗಿದೆ. ರಾಯಭಾರಿಗಳ ಓಲೆಗಳಲ್ಲಿ, ಸಮ್ಮೇಳನಗಳ ನಡವಳಿಗಳಲ್ಲಿ, ಹಿಂದೆಂದೋ ಒಂದು ಸರಕಾರ ಇನ್ನೊಂದು ಸರಕಾರಕ್ಕೆ ಸಲ್ಲಿಸಿದ ಪ್ರತಿಭಟನೆಯ ಪತ್ರದಲ್ಲಿ ಚದುರಿಬಿದ್ದಿದೆ. ಅದನ್ನು ಹುಡುಕಿ ತೆಗೆದು ಪೋಣಿಸಿದವನು ತೋರಿಸಿದ ಮೇಲೆಯೇ ಅದು ಕಾನೂನೆಂದು ಕಣ್ಣಿಗೆ ಬೀಳುವುದು. ಇಷ್ಟೇ ಅಲ್ಲ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಸಂವಿಧಿಯ 38ನೆಯ ಅನುಚ್ಛೇದವು, ವಿವಿಧ ರಾಷ್ಟ್ರಗಳ ಶ್ರೇಷ್ಠ ವಿದ್ವಾಂಸರ ಬೋಧನೆಗಳನ್ನು ಕಾನೂನನ್ನು ನಿರ್ಣಯಿಸುವ ಸಹಾಯಕ ಸಾಧನವೆಂದು ಹೆಸರಿಸಿಯೇ ಹೇಳಿದೆ. ಪಂಡಿತನೊಬ್ಬ ಮೇಜಿನ ಮುಂದೆ ಕುಳಿತು ಬರೆದುದಕ್ಕೆ ನ್ಯಾಯಪೀಠದ ಮುಂದೆ ಇಷ್ಟು ಬೆಲೆಯಿರುವ ಶಾಸ್ತ್ರಗಳು ವಿರಳ. ಆದರೆ ವಿವಿಧ ರಾಷ್ಟ್ರಗಳೆಂದು ಸಂವಿಧಿ ಹೇಳಿದರೂ, ವಾದಪತ್ರಗಳಲ್ಲಿಯೂ ನ್ಯಾಯಾಧೀಶರ ಅಭಿಪ್ರಾಯಗಳಲ್ಲಿಯೂ ಉಲ್ಲೇಖಗೊಳ್ಳುವ ಗ್ರಂಥಕರ್ತರ ಹೆಸರುಗಳಲ್ಲಿ ಬಹುಪಾಲು ಯೂರೋಪು ಅಮೆರಿಕಗಳವೇ ಆಗಿವೆ. ಏಷ್ಯ ಆಫ್ರಿಕಗಳಲ್ಲಿ ಬುದ್ಧಿವಂತರಿಲ್ಲವೆಂದು ಇದರ ಅರ್ಥವಲ್ಲ. ಗ್ರಂಥಭಂಡಾರಗಳು ಎಲ್ಲಿವೆಯೋ ಗ್ರಂಥಕರ್ತರೂ ಅಲ್ಲಿಯೇ ಆದರು.

ಗ್ರಂಥಭಂಡಾರಗಳಲ್ಲಿ ಅಗ್ರಗಣ್ಯವಾದುದು ಹೇಗ್ ನಗರದ ಶಾಂತಿಸೌಧದ್ದು. ಉಕ್ಕಿನ ಉದ್ಯಮದಲ್ಲಿ ಅಪಾರ ಸಂಪತ್ತನ್ನು ಗಳಿಸಿದ ಆಂಡ್ರೂ ಕಾರ್ನೆಗಿ 1903ರಲ್ಲಿ ಹದಿನೈದು ಲಕ್ಷ ಡಾಲರುಗಳನ್ನು ಈ ಕಾರ್ಯಕ್ಕೆಂದು ದಾನವಿತ್ತಾಗ, ಆ ಹಣದಲ್ಲಿ ನ್ಯಾಯಪೀಠಕ್ಕೊಂದು ಮನೆಯೂ ಅದರೊಡನೆ ಒಂದು ಗ್ರಂಥಾಲಯವೂ ಆಗಬೇಕೆಂಬುದು ಉದ್ದೇಶವಾಗಿದ್ದಿತು. 1913ರ ಆಗಸ್ಟ್ 28ರಂದು ಸೌಧದ ಪ್ರಾರಂಭೋತ್ಸವ ಜರುಗಿತು. ಒಂದು ವರ್ಷ ಕಳೆಯುವುದರೊಳಗೆ ಯೂರೋಪು ಮಹಾಯುದ್ಧದಲ್ಲಿ ಮುಳುಗಿದುದನ್ನು ಕಂಡು ಹಲವರು ಶಾಂತಿಸೌಧವೆಂಬ ಹೆಸರನ್ನೇ ಹಾಸ್ಯ ಮಾಡಿದರು. ನಕ್ಕವರ ಹೆಸರುಗಳು ಮರೆತುಹೋಗಿವೆ. ಗ್ರಂಥಾಲಯ ಉಳಿದಿದೆ, ಬೆಳೆದು ಹತ್ತು ಲಕ್ಷ ಸಂಪುಟಗಳಿಗೂ ಮಿಕ್ಕಿದೆ. ಗ್ರೋಷಿಯಸನ ಕೃತಿಗಳ ಹಳೆಯ ಮುದ್ರಣಗಳ ದೊಡ್ಡ ಸಂಗ್ರಹವೂ ಅಲ್ಲಿಯೇ ಇದೆ. ಮಾರ್ಟಿನಸ್ ನೈಹಾಫ್ ಎಂಬ ಪುಸ್ತಕ ವ್ಯಾಪಾರಿಯ ದಾನದಿಂದ ಅದು ಆರಂಭವಾಯಿತೆಂಬುದು ಸ್ಮರಣೀಯ. ಅದೇ ಆವರಣದಲ್ಲಿ 1923ರಿಂದ ಅಂತರರಾಷ್ಟ್ರೀಯ ಕಾನೂನಿನ ಹೇಗ್ ಅಕಾಡೆಮಿಯು ಬೇಸಗೆಯ ಪಾಠಗಳನ್ನು ನಡೆಸಿಕೊಂಡು ಬರುತ್ತಿದೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಗ್ರಂಥಾಲಯ ಮತ್ತೊಂದು ಇಂಥ ಕ್ಷೇತ್ರ. 1924ರಲ್ಲಿ ಬರ್ಲಿನ್ನಿನಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ಆ ಸಂಸ್ಥೆ ಎರಡನೆಯ ಮಹಾಯುದ್ಧದ ವಿನಾಶದ ನಂತರ 1949ರಲ್ಲಿ ಅಲ್ಲಿ ಪುನಃ ತಲೆಯೆತ್ತಿತು. ಲಂಡನ್, ಕೇಂಬ್ರಿಜ್, ಜಿನೀವಾಗಳ ಮಾತನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಇಂಥಲ್ಲಿ ಕುಳಿತು ಹಳೆಯ ಕಾಗದಗಳನ್ನು ತಿರುವುವುದರಿಂದ ಒಂದು ದೇಶಕ್ಕೆ ಆಗುವ ಲಾಭವೇನು? ಭಾರತದ ಅನುಭವದಲ್ಲಿಯೇ ಇದಕ್ಕೆ ಉತ್ತರವಿದೆ. ದಮನ್ ಬಳಿಯ ದಾದ್ರಾ ಮತ್ತು ನಗರ ಹವೇಲಿ ಎಂಬ ತುಣುಕು ನೆಲಗಳು ಪೋರ್ಚುಗೀಸರ ವಶದಲ್ಲಿದ್ದವು. 1954ರಲ್ಲಿ ಅವು ಅವರ ಕೈತಪ್ಪಿದವು. ಅಲ್ಲಿಗೆ ಹೋಗಲು ಭಾರತದ ನೆಲದ ಮೇಲೆ ತನಗೆ ದಾರಿಯ ಹಕ್ಕಿದೆಯೆಂದು 1955ರ ಡಿಸೆಂಬರಿನಲ್ಲಿ ಪೋರ್ಚುಗಲ್ ಹೇಗ್ ನ್ಯಾಯಾಲಯಕ್ಕೆ ದೂರಿತ್ತಿತು. 1779ರಲ್ಲಿ ಪುಣೆಯ ಮರಾಠ ದೊರೆತನದೊಡನೆ ಆದ ಕರಾರು ಮತ್ತು 1783, 1785ರ ಸನ್ನದುಗಳ ಮೂಲಕ ಆ ಪರಗಣಗಳ ಸಾರ್ವಭೌಮತ್ವವೇ ತನಗೆ ಬಂದಿತೆಂಬುದು ಅದರ ವಾದ. ಹನ್ನೆರಡು ಸಾವಿರ ರೂಪಾಯಿಗಳ ಉತ್ಪನ್ನವನ್ನು ಬಿಟ್ಟುಕೊಡುವ ಆ ಕರಾರಿನ ಹದಿನೇಳನೆಯ ಕಲಮು ವ್ಯಾಜ್ಯದ ಕೇಂದ್ರವಾಯಿತು. ಕೊಟ್ಟುದು ನೆಲದ ಒಡೆತನವೋ, ಕೇವಲ ಕಂದಾಯದ ಹುಟ್ಟುವಳಿಯೋ? ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಸಾವಿರಾರು ಮೈಲಿ ದೂರದ ಪೀಠದ ಮುಂದೆ, ಜಹಗೀರು ಎಂದರೇನು, ಸರಂಜಾಮು ಎಂದರೇನು ಎಂಬ ಚರ್ಚೆ ನಡೆಯಿತು. ದೇಸಗತಿ, ಇನಾಮು, ಉಂಬಳಿಗಳನ್ನು ಕಂಡರಿತ ನಾಡಿನ ಮುದುಕನೊಬ್ಬ ಜಗಲಿಯ ಮೇಲೆ ಕುಳಿತು ಬಿಡಿಸಿ ಹೇಳಬಹುದಾಗಿದ್ದ ವಿಷಯವದು! ಆದರೆ ಪೀಠಕ್ಕೆ ಬೇಕಾದುದು ಪುರಾವೆ. ಕರಾರಿನ ಬೇರೆ ಬೇರೆ ಪಾಠಗಳನ್ನು ತಾಳೆ ನೋಡಿದ ನ್ಯಾಯಾಲಯವು, ಅವುಗಳ ಭಾಷೆಯಲ್ಲಿ ಸಾರ್ವಭೌಮತ್ವವನ್ನು ವರ್ಗಾಯಿಸುವ ಉದ್ದೇಶ ಕಾಣುವುದಿಲ್ಲ, ಮರಾಠರು ಕೊಟ್ಟುದು ಕಂದಾಯದ ಹಕ್ಕನ್ನು ಮಾತ್ರ ಎಂದು 1960ರ ಏಪ್ರಿಲ್ 12ರ ತೀರ್ಪಿನಲ್ಲಿ ಹೇಳಿತು. ಮರಾಠರ ತರುವಾಯ ಬಂದ ಬ್ರಿಟಿಷರು ಪೋರ್ಚುಗೀಸರ ಒಡೆತನವನ್ನು ಮಾನ್ಯಮಾಡಿದ್ದರೆಂದೂ, ದೀರ್ಘಕಾಲದ ರೂಢಿಯಿಂದ ಸಾಮಾನ್ಯ ಜನರಿಗೆ, ನಾಗರಿಕ ಅಧಿಕಾರಿಗಳಿಗೆ, ಸರಕುಗಳಿಗೆ ದಾರಿಯ ಹಕ್ಕು ಇದ್ದಿತೆಂದೂ ಒಪ್ಪಿತು. ಸೈನ್ಯಕ್ಕೂ ಶಸ್ತ್ರಗಳಿಗೂ ಆ ಹಕ್ಕಿರಲಿಲ್ಲ, ಭಾರತವು ತನ್ನ ಹೊಣೆಯನ್ನು ಮೀರಿಲ್ಲ ಎಂದು ನಿರ್ಣಯಿಸಿತು.

ಆ ವ್ಯಾಜ್ಯದಲ್ಲಿ ಭಾರತದ ಪರವಾಗಿ ಎಂ.ಸಿ. ಸೆಟಲ್ವಾಡರಂಥ ಧುರೀಣರು ನಿಂತಿದ್ದರು. ತಾತ್ಕಾಲಿಕ ನ್ಯಾಯಾಧೀಶರಾಗಿ ಎಂ.ಸಿ. ಛಾಗ್ಲಾ ಅವರಿದ್ದರು. ಅವರೊಡನೆ ಯೂರೋಪಿನ ಪ್ರಾಧ್ಯಾಪಕರನ್ನೂ ಭಾರತ ಸರಕಾರ ವಾದಕ್ಕೆ ನಿಲ್ಲಿಸಬೇಕಾಯಿತು. ಮರಾಠಿಯ ಸನ್ನದಿನ ಅರ್ಥವನ್ನು ಲೋಕಕ್ಕೆ ತಿಳಿಸಲು ಆ ಭಾಷೆಯ ಗಂಧವಿಲ್ಲದವರ ನೆರವು ಬೇಕಾದುದು ಅವಮಾನದ ಸಂಗತಿಯೇನಲ್ಲ. ಆದರೆ ವಿಚಾರಾರ್ಹವಾದ ಸಂಗತಿ.

ವಿಚಾರ ಮಾಡಿದವರಲ್ಲಿ ಒಬ್ಬ ಪರದೇಶೀಯರೇ ಮುಂದಾಳಾದರು. ಪೋಲೆಂಡ್ ಮೂಲದ ಚಾರ್ಲ್ಸ್ ಹೆನ್ರಿ ಅಲೆಕ್ಸಾಂಡ್ರೊವಿಚ್ 1951ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಅಂತರರಾಷ್ಟ್ರೀಯ ಕಾನೂನಿನ ಅಧ್ಯಾಪಕರಾಗಿ ಬಂದರು. ಬಂದವರು ಪಾಠ ಹೇಳಿ ಸಂಬಳ ಪಡೆದು ಸುಮ್ಮನಿರಲಿಲ್ಲ. ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಇಂಗ್ಲಿಷರು ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಏಷ್ಯದ ಅರಸರೊಡನೆ ಮಾಡಿಕೊಂಡ ಕರಾರುಗಳನ್ನು ಒಂದೊಂದಾಗಿ ಹುಡುಕಿ ಓದಿದರು. ಓದಿದಂತೆ ಒಂದು ಸತ್ಯ ಸ್ಪಷ್ಟವಾಗತೊಡಗಿತು. ರಾಷ್ಟ್ರಗಳ ಕಾನೂನು ಯೂರೋಪಿನ ಸ್ವತ್ತು, ಏಷ್ಯದವರಿಗೆ ಅದು ಬಹಳ ತಡವಾಗಿ ದಯಪಾಲಿಸಲ್ಪಟ್ಟಿತು ಎಂಬ ಪಾಠ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದುದು. ಅದಕ್ಕೆ ಮೊದಲು ಯೂರೋಪಿನವರು ಇಲ್ಲಿನ ಅರಸರನ್ನು ಸಾರ್ವಭೌಮರೆಂದೇ ಎಣಿಸಿ, ಸರಿಸಮಾನವಾಗಿ ಕುಳಿತು ಕರಾರು ಬರೆದುಕೊಂಡಿದ್ದರು. 1960ರಲ್ಲಿ ಅವರು ಇದೇ ವಿಷಯವನ್ನು ಹೇಗ್ ಅಕಾಡೆಮಿಯಲ್ಲಿ ಉಪನ್ಯಾಸವಾಗಿ ಮಂಡಿಸಿದರು; 1967ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ತರುವಾಯ ಭಾರತದ ಆರ್.ಪಿ. ಆನಂದರು ಸಮುದ್ರದ ಕಾನೂನಿನ ಚರಿತ್ರೆಯನ್ನು ಬರೆದು, ಹಿಂದೂ ಮಹಾಸಾಗರದ ವ್ಯಾಪಾರಿಗಳಿಗೆ ಮುಕ್ತ ಸಮುದ್ರದ ತತ್ತ್ವ ಯೂರೋಪಿನವರು ಬರುವ ಮೊದಲೇ ಪರಿಚಿತವಾಗಿತ್ತೆಂದು 1983ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಸ್ವತಂತ್ರವಾದ ಹೊಸ ರಾಷ್ಟ್ರಗಳಿಗೆ ಇದರಿಂದ ಬಂದ ಆತ್ಮವಿಶ್ವಾಸವನ್ನು ಅಳೆಯುವುದು ಕಷ್ಟ. ಇದು ಭಾಷಣದ ಆವೇಶದಿಂದ ಬಂದ ಫಲವಲ್ಲ. ಪತ್ರಾಗಾರದ ಧೂಳಿನಿಂದ ಬಂದುದು.

ಕನ್ನಡ ನಾಡಿನ ಪಾಲು ಇದರಲ್ಲಿ ಸಣ್ಣದಲ್ಲ. ಕೆಳದಿಯ ನಾಯಕರು ಕರಾವಳಿಯ ಬಂದರುಗಳ ಒಡೆಯರಾಗಿ ಪೋರ್ಚುಗೀಸರೊಡನೆ ಶತಮಾನಕ್ಕೂ ಮೀರಿ ಕಾದಿದರು, ಕರಾರು ಮಾಡಿದರು, ಕರಾರು ಮುರಿದರು, ಮತ್ತೆ ಮಾಡಿದರು. ಗೋವೆಯ ಊಟದ ತಟ್ಟೆ ಕನ್ನಡ ಕರಾವಳಿಯ ಅಕ್ಕಿಯನ್ನು ನಂಬಿದ್ದಿತು. ಆದುದರಿಂದ ಈ ಕರಾರುಗಳಲ್ಲಿ ಅಕ್ಕಿ ಮೂಟೆಗಳಿಗೂ ಮೆಣಸಿಗೂ ರಾಜಮರ್ಯಾದೆ. ರಾಣಿ ಚೆನ್ನಮ್ಮಾಜಿ 1678ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ, ಹೊನ್ನಾವರ ಮೊದಲಾದೆಡೆಗಳಲ್ಲಿ ವ್ಯಾಪಾರದ ಕೋಠಿಗೂ, ಕೆಲವು ಊರುಗಳಲ್ಲಿ ಕ್ರೈಸ್ತ ಪ್ರಾರ್ಥನಾಮಂದಿರಗಳಿಗೂ ಅನುಮತಿ ಕೊಟ್ಟಳು. ಅನುಮತಿ ಕೊಡುವವಳು ಯಾರು, ಕೇಳುವವರು ಯಾರು ಎಂಬುದನ್ನು ಗಮನಿಸಬೇಕು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು. ವಿದೇಶಿ ಸಾಮ್ರಾಜ್ಯವೊಂದರೊಡನೆ ಸಾರ್ವಭೌಮಳಾಗಿ ಕರಾರು ಮಾಡಿದ ಚೆನ್ನಮ್ಮಾಜಿಯನ್ನು ಬಲ್ಲವರು ಕಡಿಮೆ. ಈ ಸಂಬಂಧಗಳನ್ನು ಪೋರ್ಚುಗೀಸ್ ದಾಖಲೆಗಳಿಂದ ಶೋಧಿಸಿ ಬರೆದ ಡಾ. ಬಿ.ಎಸ್. ಶಾಸ್ತ್ರಿಯವರ ಗ್ರಂಥವು ಚರಿತ್ರೆಯ ಅಭ್ಯಾಸಿಗಳ ಕೈಯಲ್ಲಿದೆ. ಅದೇ ಸಾಮಗ್ರಿಯನ್ನು ಕಾನೂನಿನ ಕಣ್ಣಿನಿಂದ ಓದುವ ಕನ್ನಡಿಗನಿಗಾಗಿ ಆ ಕರಾರುಗಳು ಇನ್ನೂ ಕಾದಿವೆ. ಅವು ಪಣಜಿಯಲ್ಲಿವೆ. 1595ರಲ್ಲಿ ಸ್ಥಾಪನೆಗೊಂಡು ಚರಿತ್ರಕಾರ ದಿಯೊಗೊ ದೊ ಕೊತೊ ಮೊದಲ ಪಾಲಕನಾಗಿದ್ದ ಗೋವೆಯ ಪತ್ರಾಗಾರದಲ್ಲಿ, ಶಾಂತಿಕರಾರುಗಳಿಗೆಂದೇ ಮೀಸಲಾದ ಹೊತ್ತಗೆಗಳಲ್ಲಿ ಅವನ್ನು ಬರೆದಿಟ್ಟಿದ್ದಾರೆ. ಬಸರೂರಿನಲ್ಲಿ ಕೋಠಿ ಹೂಡಿದ್ದ ಡಚ್ಚರ ಕಂಪನಿಯ ಕಡತಗಳಾದರೋ ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಲ್ಲಿ ಅವು ತುಂಬಿರುವ ಅಟ್ಟಣೆಗಳನ್ನು ಸಾಲಾಗಿ ಅಳೆದರೆ ಒಂದು ಕಿಲೋಮೀಟರಿಗೂ ಮಿಕ್ಕುತ್ತದೆ. ಶಾಂತಿಸೌಧದ ಗ್ರಂಥಾಲಯಕ್ಕೆ ಹೋದ ಸಂಶೋಧಕನು ಅದೇ ಊರಿನಲ್ಲಿ ಇನ್ನೊಂದು ಬಾಗಿಲನ್ನು ತಟ್ಟಿದರೆ ಸಾಕು.

ಹೋಗುವುದು ಹೇಗೆ? ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗರಾಯರು ಶಿಷ್ಯವೇತನದ ಬಲದಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಭಾರತ ಸಂವಿಧಾನದ ರಚನೆಯ ಕಾಲದಲ್ಲಿ ಸಂವಿಧಾನ ಸಲಹೆಗಾರರಾದರು. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಅದೇ ಶಾಂತಿಸೌಧವನ್ನು ಪ್ರವೇಶಿಸಿದರು. ಮರುವರ್ಷವೇ ಅವರು ಕಾಲವಶರಾದುದು ನಾಡಿಗಾದ ಹಾನಿ. ಆ ಎತ್ತರಕ್ಕೆ ಏರುವವರು ಕೆಲವರೇ. ಅಂತಹವರ ಮಾತನ್ನು ಬಿಟ್ಟು, ಸಾಮಾನ್ಯ ಕಾನೂನು ಕಾಲೇಜೊಂದರ ಉಪನ್ಯಾಸಕನ ಅಥವಾ ಉಪನ್ಯಾಸಕಿಯ ಸ್ಥಿತಿಯನ್ನು ಆಲೋಚಿಸಬೇಕು. ಹಗಲೆಲ್ಲ ಪಾಠ, ಸಂಜೆಗೆ ಉತ್ತರಪತ್ರಿಕೆ, ರಜೆಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆ. ಪ್ರೌಢಪ್ರಬಂಧಕ್ಕೆ ವಿಷಯ ಗೊತ್ತಾಗಿದೆ. ಓದಬೇಕಾದ ಮುಖ್ಯ ಗ್ರಂಥ ಮಾತ್ರ ಊರಿನಲ್ಲಿಲ್ಲ, ಜಿಲ್ಲೆಯಲ್ಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿಯೋ, 1959ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಭಾರತೀಯ ಅಂತರರಾಷ್ಟ್ರೀಯ ಕಾನೂನು ಸಂಘದಲ್ಲಿಯೋ ಅರ್ಧ ದೊರೆತೀತು. ಮಿಕ್ಕ ಅರ್ಧಕ್ಕೆ ಇತರರು ಉಲ್ಲೇಖಿಸಿದುದನ್ನೇ ಪುನಃ ಉಲ್ಲೇಖಿಸಿ ತೃಪ್ತಿಪಡಬೇಕು. ಹೀಗೆ ಎರವಲಿನ ಮೇಲೆ ಎರವಲಾಗಿ ಬರೆದ ಪ್ರಬಂಧಕ್ಕೆ ಪದವಿ ದೊರೆಯುತ್ತದೆ. ನ್ಯಾಯಪೀಠದ ಮುಂದೆ ಬೆಲೆ ದೊರೆಯುವುದಿಲ್ಲ.

ಈ ಕೊರತೆಯನ್ನು ಲೋಕ ಗುರುತಿಸಿಲ್ಲವೆನ್ನುವಂತಿಲ್ಲ. ಹೇಗ್ ಅಕಾಡೆಮಿಯು ಬೇಸಗೆಯ ಪಾಠಗಳಿಗೆ ಶಿಷ್ಯವೇತನ ಕೊಡುವುದಲ್ಲದೆ, ಅಭಿವೃದ್ಧಿಶೀಲ ದೇಶಗಳಲ್ಲಿ ತಮ್ಮ ಊರಿನಲ್ಲಿಯೇ ಇದ್ದು ಸಂಶೋಧನೆ ಮಾಡುವ ಬೆರಳೆಣಿಕೆಯ ಅಭ್ಯರ್ಥಿಗಳಿಗೆ ಶಾಂತಿಸೌಧದ ಗ್ರಂಥಾಲಯದಲ್ಲಿ ಕುಳಿತು ಪ್ರಬಂಧವನ್ನು ಮುಂದುವರಿಸಲು ವಸತಿಸಹಿತ ನೆರವನ್ನು ಕೊಡುತ್ತ ಬಂದಿದೆ. ಸಂಯುಕ್ತ ರಾಷ್ಟ್ರ ಸಂಸ್ಥೆಯ ಮಹಾಸಭೆಯು 1965ರ ಡಿಸೆಂಬರಿನಲ್ಲಿ ಅಂಗೀಕರಿಸಿದ ನಿರ್ಣಯದಿಂದ ಹುಟ್ಟಿದ ನೆರವಿನ ಕಾರ್ಯಕ್ರಮವೂ ಇಂಥದೇ. ಅದರ ಆಶ್ರಯದಲ್ಲಿ ಹೇಗ್ ನಗರದಲ್ಲಿ ಕೆಲವು ವಾರಗಳ ಶಿಕ್ಷಣ ದೊರೆಯುತ್ತದೆ. ಹೈಡೆಲ್‌ಬರ್ಗ್ ಹೊರಗಿನ ವಿದ್ವಾಂಸರಿಗೆ ಬಾಗಿಲು ತೆರೆದಿದೆ. ಇವೆಲ್ಲ ಶ್ಲಾಘನೀಯವಾದುವು. ಆದರೆ ಇವುಗಳನ್ನು ಕೂಡಿಸಿದರೂ ಒಂದು ಭೂಖಂಡದ ಹಸಿವಿಗೆ ಒಂದು ಹಿಡಿ ಅಕ್ಕಿಯಾದೀತು. ಅಲ್ಲದೆ, ಕೊಡುವವರ ಲೆಕ್ಕಕ್ಕೂ ಓದುವವನ ಲೆಕ್ಕಕ್ಕೂ ತಾಳೆಯಿಲ್ಲ. ಆರು ವಾರಗಳಲ್ಲಿ ಉಪನ್ಯಾಸ ಕೇಳಬಹುದು, ಸ್ನೇಹ ಬೆಳೆಸಬಹುದು, ಶಾಂತಿಸೌಧದ ಮುಂದೆ ಛಾಯಾಚಿತ್ರವನ್ನು ತೆಗೆಸಿಕೊಳ್ಳಬಹುದು. ಪತ್ರಾಗಾರದ ಸೂಚಿಯನ್ನು ಅರ್ಥಮಾಡಿಕೊಳ್ಳುವುದಕ್ಕೇ ಆರು ವಾರ ಹಿಡಿಯುತ್ತದೆ. ಬೇಕಾದ ಕಡತ ಕೈಗೆ ಬರುವ ಹೊತ್ತಿಗೆ ಊರಿಗೆ ಮರಳುವ ದಿನ ಬಂದಿರುತ್ತದೆ.

ಇಂದು ಎಲ್ಲವೂ ಗಣಕಯಂತ್ರದ ತೆರೆಯ ಮೇಲೆ ದೊರೆಯುವಾಗ ಗ್ರಂಥಾಲಯ ಯಾತ್ರೆಯೇಕೆ ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿಲ್ಲದಿಲ್ಲ. ಹೇಗ್ ನ್ಯಾಯಾಲಯದ ತೀರ್ಪುಗಳೂ, ಸಂಯುಕ್ತ ರಾಷ್ಟ್ರ ಸಂಸ್ಥೆಯ ಕರಾರುಗಳ ಸಂಪುಟಮಾಲೆಯೂ ಯಾರಿಗಾದರೂ ಬೆಲೆಯಿಲ್ಲದೆ ದೊರೆಯುತ್ತವೆ. ಶ್ರೇಷ್ಠ ವಿದ್ವಾಂಸರ ಉಪನ್ಯಾಸಗಳನ್ನು 2008ರಿಂದ ಆ ಸಂಸ್ಥೆಯ ದೃಶ್ಯಶ್ರವ್ಯ ಗ್ರಂಥಾಲಯ ಮನೆಬಾಗಿಲಿಗೆ ತಂದಿದೆ. ಜಿನೀವಾದ ಹಳೆಯ ರಾಷ್ಟ್ರಸಂಘದ ದಾಖಲೆಗಳನ್ನು 2017ರಿಂದ 2022ರವರೆಗೆ ಛಾಯಾಪ್ರತಿ ಮಾಡಿದರು. ಪುಟಗಳ ಸಂಖ್ಯೆ ಕೋಟಿಯನ್ನು ಮೀರಿದೆ. ಹಿಂದಿನ ತಲೆಮಾರಿನವರು ಕನಸಿನಲ್ಲಿಯೂ ಕಾಣದಿದ್ದ ಭಾಗ್ಯವಿದು. ಆದರೂ ಎರಡು ತೊಡಕುಗಳು ಉಳಿದಿವೆ. ಹೊಸ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಪ್ರಕಾಶನ ಸಂಸ್ಥೆಗಳು ಬೀಗ ಹಾಕಿ ಇಟ್ಟಿವೆ. ಅವುಗಳ ವಾರ್ಷಿಕ ಚಂದಾ ಸಾಮಾನ್ಯ ಕಾಲೇಜೊಂದರ ಶಕ್ತಿಗೆ ಮೀರಿದುದು. ಹಳೆಯ ಕಾಗದಗಳಲ್ಲಿ ಯಾರೂ ಕೇಳದಿದ್ದುದನ್ನು ಯಾರೂ ಛಾಯಾಪ್ರತಿ ಮಾಡುವುದಿಲ್ಲ. ಕೆಳದಿಯ ಕರಾರನ್ನು ಕೇಳುವವನು ಹೋಗಿ ಕೇಳಿದ ಹೊರತು ಅದು ತೆರೆಯ ಮೇಲೆ ತಾನಾಗಿ ಮೂಡಲಾರದು. ಇದಲ್ಲದೆ, ನುರಿತ ಗ್ರಂಥಪಾಲಕನು ಹುಡುಕಿದ ಪುಸ್ತಕದ ಪಕ್ಕದಲ್ಲಿದ್ದ ಇನ್ನೊಂದನ್ನು ತೋರಿಸುವ ಉಪಕಾರವನ್ನು ಯಾವ ಯಂತ್ರವೂ ಇನ್ನೂ ಸರಿಯಾಗಿ ಕಲಿತಿಲ್ಲ.

ದೂರದ ಹೇಗ್ ನಗರದ ಈ ವಿದ್ಯೆಯಿಂದ ಮಂಡ್ಯದ ರೈತನಿಗೇನು ಎಂದು ದಾನಿಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕಾವೇರಿಯ ವ್ಯಾಜ್ಯವನ್ನು ನೆನೆಯಬೇಕು. ಮೈಸೂರು ಮತ್ತು ಮದರಾಸುಗಳ ನಡುವೆ 1892ರಲ್ಲಿಯೂ 1924ರಲ್ಲಿಯೂ ಆದ ಒಪ್ಪಂದಗಳು, ಬಲಿಷ್ಠನ ಒತ್ತಡಕ್ಕೆ ದುರ್ಬಲನು ಮಣಿದು ಮಾಡಿದುವೆಂಬುದು ಕರ್ನಾಟಕದ ಅಳಲಾಗಿದ್ದಿತು. ಅಂಥ ಒಪ್ಪಂದ ಎಷ್ಟರ ಮಟ್ಟಿಗೆ ಕಟ್ಟುತ್ತದೆಂಬುದು ಅಂತರರಾಷ್ಟ್ರೀಯ ಕಾನೂನಿನ ಹಳೆಯ ಪ್ರಶ್ನೆ. 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು, 2007ರಲ್ಲಿ ಅದರ ಅಂತಿಮ ತೀರ್ಪು ಬಂದಿತು, 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ತನ್ನ ನಿರ್ಣಯವನ್ನು ಕೊಟ್ಟಿತು. ಆ ಒಪ್ಪಂದಗಳನ್ನು ಅನ್ಯಾಯದ್ದೆಂದು ತಳ್ಳಿಹಾಕಲು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಆದರೆ ನದಿಯ ನೀರು ಯಾವೊಂದು ರಾಜ್ಯದ ಸ್ವತ್ತೂ ಅಲ್ಲ, ಸಮನ್ಯಾಯದಿಂದ ಹಂಚಬೇಕಾದುದು ಎಂಬ ತತ್ತ್ವವನ್ನು ಹಿಡಿದು ಕರ್ನಾಟಕದ ಪಾಲನ್ನು 14.75 ಟಿ.ಎಂ.ಸಿ.ಯಷ್ಟು ಹೆಚ್ಚಿಸಿತು. ಆ ತತ್ತ್ವದ ಚರ್ಚೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡುದು 1966ರ ಹೆಲ್ಸಿಂಕಿ ನಿಯಮಗಳು. ಅವುಗಳನ್ನು ರೂಪಿಸಿದುದು ಯಾವ ಸರಕಾರವೂ ಅಲ್ಲ. ಅಂತರರಾಷ್ಟ್ರೀಯ ಕಾನೂನು ಸಂಘ ಎಂಬ ವಿದ್ವಾಂಸರ ಕೂಟ. ಗ್ರಂಥಾಲಯಗಳಲ್ಲಿ ಕುಳಿತು ಲೋಕದ ನದಿಗಳ ಕರಾರುಗಳನ್ನೆಲ್ಲ ಓದಿ ಹೋಲಿಸಿದವರ ದುಡಿಮೆ, ಐವತ್ತು ವರ್ಷಗಳ ನಂತರ ಕನ್ನಂಬಾಡಿಯ ಕೆಳಗಿನ ಗದ್ದೆಗಳ ಪ್ರಶ್ನೆಗೆ ಸಾಕ್ಷ್ಯವಾಗಿ ಬಂದಿತು.

ದಾನದ ಪರಂಪರೆ ಈ ನಾಡಿಗೆ ಹೊಸದಲ್ಲ. ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಮಠದ ಪ್ರಸಾದನಿಲಯದಲ್ಲಿ ಅನ್ನವೂ ಚಾಪೆಯೂ ದೊರೆತುದರಿಂದಲೇ ಅಕ್ಷರ ದೊರೆಯಿತೆಂಬುದನ್ನು ಇಂಥ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಆ ನಿಧಿಯ ನೆರವಿನಿಂದ ಓದಿ ಮುಂದೆ ಬಂದವರ ಸಂಖ್ಯೆ ದೊಡ್ಡದು. ಮಕ್ಕಳಿಲ್ಲದ ದೇಸಾಯಿಗೆ ಮಕ್ಕಳಾದವರು ಅವರು. ಆದರೆ ಇಂದಿನ ದಾನ ಬಹುಮಟ್ಟಿಗೆ ಕಲ್ಲು ಗಾರೆಯ ಕಡೆಗೆ ಒಲಿದಿದೆ. ಕೊಠಡಿಯೊಂದನ್ನು ಕಟ್ಟಿಸಿದರೆ ಅಮೃತಶಿಲೆಯ ಮೇಲೆ ಹೆಸರು ನಿಲ್ಲುತ್ತದೆ; ಚಿನ್ನದ ಪದಕವಿಟ್ಟರೆ ವರ್ಷಕ್ಕೊಮ್ಮೆ ಸಭೆಯಲ್ಲಿ ಹೆಸರು ಓದಲ್ಪಡುತ್ತದೆ. ಒಬ್ಬ ಅಧ್ಯಾಪಕಿಯು ಮೂರು ತಿಂಗಳು ಪರದೇಶದ ಗ್ರಂಥಾಲಯದಲ್ಲಿ ಕುಳಿತು ಓದಿದುದಕ್ಕೆ ಯಾವ ಫಲಕವೂ ಇಲ್ಲ. ಬಹಳವೆಂದರೆ ಹತ್ತು ವರ್ಷಗಳ ತರುವಾಯ ಬಂದ ಪುಸ್ತಕವೊಂದರ ಮುನ್ನುಡಿಯಲ್ಲಿ ಎರಡು ಸಾಲು. ದಾನಿಗಳನ್ನು ಹಳಿಯುವುದು ಸಲ್ಲದು. ಕೇಳುವವರು ಹೀಗೆಂದು ಕೇಳಿಲ್ಲ. ವಿದ್ಯಾರ್ಥಿಯ ಶುಲ್ಕಕ್ಕೆ ಕೇಳಿದ್ದಾರೆ, ಕಟ್ಟಡಕ್ಕೆ ಕೇಳಿದ್ದಾರೆ. ಪದವಿ ಪಡೆದು ಪಾಠ ಹೇಳುತ್ತಿರುವವರ ಓದಿಗೆ ಕೇಳಿಲ್ಲ.

ಶಿಷ್ಯವೇತನ ಪಡೆದು ಹೋದವರ ಹೊಣೆಯನ್ನೂ ಮುಚ್ಚಿಡಬಾರದು. ಹೋದವರಲ್ಲಿ ಕೆಲವರು ಅಲ್ಲಿಯೇ ನಿಂತರು; ಕೆಲವರು ಮರಳಿ ಬಂದರೂ ತಂದ ಪ್ರತಿಗಳನ್ನು ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ದಾನದ ಹಣದಲ್ಲಿ ಓದಿದವರು ತಾವು ಸಂಗ್ರಹಿಸಿದ ದಾಖಲೆಗಳ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಒಪ್ಪಿಸಬೇಕು, ಓದಿದುದನ್ನು ಕನ್ನಡದಲ್ಲಿ ಒಂದು ಲೇಖನವನ್ನಾದರೂ ಮಾಡಿ ಕೊಡಬೇಕೆಂಬ ಕಟ್ಟಳೆ ಕಠಿಣವಾದುದೇನಲ್ಲ. ಸಂಸ್ಥೆಗಳಾದರೋ ಆ ಅವಧಿಗೆ ಸಂಬಳಸಹಿತ ರಜೆಯನ್ನು ಕೊಡಬೇಕು. ರಜೆಯಿಲ್ಲದ ಶಿಷ್ಯವೇತನ ಎತ್ತಿಲ್ಲದವನಿಗೆ ಕೊಟ್ಟ ನೇಗಿಲಿನಂತೆ.

ಮೊದಲ ಹೆಜ್ಜೆಯೇ ಹೇಗ್ ನಗರದವರೆಗೆ ಹೋಗಬೇಕಾಗಿಲ್ಲ. ಪೋರ್ಚುಗೀಸ್ ಭಾಷೆಯನ್ನು ಒಂದು ವರ್ಷ ಕಲಿಯುವ ಖರ್ಚು, ಆ ಮೇಲೆ ಪಣಜಿಯಲ್ಲಿ ಮೂರು ತಿಂಗಳ ಬಾಡಿಗೆ ಮತ್ತು ಊಟ. ಇಷ್ಟನ್ನು ಒಂದು ಹಳೆಯ ವಿದ್ಯಾರ್ಥಿಗಳ ಸಂಘ ಕೂಡಿ ಕೊಡಬಲ್ಲದು. ಅಲ್ಲಿನ ಕಾಗದಗಳನ್ನು ಓದಿ ಪಳಗಿದವರಿಗೆ ಶಾಂತಿಸೌಧದ ಗ್ರಂಥಾಲಯಕ್ಕೂ ಡಚ್ಚರ ಕಡತಗಳಿಗೂ ಅರ್ಜಿ ಹಾಕುವ ಹೊತ್ತಿಗೆ ಕೇಳಬೇಕಾದ ಪ್ರಶ್ನೆ ಕೈಯಲ್ಲಿಯೇ ಇರುತ್ತದೆ. ಧಾರವಾಡದಿಂದ ಪಣಜಿಗೆ ಬಸ್ಸಿನಲ್ಲಿ ಒಂದು ಹಗಲಿನ ದಾರಿ.